ಅಬು ನಾಸಿರ್ ಅವರ ಪಿಸ್ತೂಲಿನ ನೊಣ

ಗುರಿ ಹಿಡಿಯುವ ಮುಂಚೆ ಅಬು ನಾಸಿರ್ ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೇಲಿನದು, ಕೆಳಗಿನದು, ಎರಡನ್ನೂ. ಮೊದಲು ಕರವಸ್ತ್ರದಲ್ಲಿ ಒರೆಸಿ, ಅದರಲ್ಲೇ ಸುತ್ತಿ, ದಿಶ್‌ದಾಶಾ ನಿಲುವಂಗಿಯ ಜೇಬಿಗೆ ಇಳಿಸಿ, ಮೇಲಿನಿಂದ ಒಮ್ಮೆ ತಟ್ಟಿ ನೋಡುತ್ತಿದ್ದರು. ಆಮೇಲೆ ಒಳಸೇರಿದ ತುಟಿಗಳನ್ನು ಬಿಗಿದು, ಎಡಗಣ್ಣು ಮುಚ್ಚಿ, ಪಿಸ್ತೂಲು ಹಿಡಿದ ಬಲಗೈಯನ್ನು ನೇರವಾಗಿ ಚಾಚುತ್ತಿದ್ದರು. ಎದುರಿನ ಬಂಡೆಯ ಮೇಲೆ ಹಾಲಿನ ಪುಡಿಯ ಖಾಲಿ ಟಿನ್ನು.

"ಹಲ್ಲು ಬಾಯಲ್ಲಿದ್ದರೆ ಗುಂಡು ಹಾರುವಾಗ ಕಟಕಟ ಅನ್ನುತ್ತದೆ, ದಕ್ತೂರ್. ಮನಸ್ಸು ಬಾಯಿಗೆ ಹೋಗುತ್ತದೆ" ಎಂದು ಒಮ್ಮೆ ನನಗೆ ವಿವರಿಸಿದ್ದರು.

ನನಗೆ ಸ್ವಲ್ಪ ಬೇಸರವೇ ಆಗಿತ್ತು. ಆ ಹಲ್ಲು ಮಾಡಿದವನು ನಾನು. ಬಾಯಲ್ಲಿ ಅಲುಗದ ಹಾಗೆ ಕೂರಿಸಿದ್ದೇನೆಂದು ಹೆಮ್ಮೆಪಟ್ಟಿದ್ದವನು. ಹಾಗೆ ನೋಡಿದರೆ ನಾನು ದಕ್ತೂರನೂ ಅಲ್ಲ, ಡಾಕ್ಟರನೂ ಅಲ್ಲ. ಡಾಕ್ಟರು ತೆಗೆದ ಬಾಯಿಯ ಅಚ್ಚಿನ ಮೇಲೆ ಹಲ್ಲಿನ ಸೆಟ್ಟು ಮಾಡಿಕೊಡುವ ಟೆಕ್ನಿಷಿಯನ್. ಇದನ್ನು ಅಬು ನಾಸಿರರಿಗೆ ಎಷ್ಟು ಸಲ ಹೇಳಿದರೂ ಅವರು ಕೇಳಲಿಲ್ಲ. "ಬಾಯಲ್ಲಿ ಹಲ್ಲು ಇಟ್ಟವನು ನೀನು. ಅವನು ಬರೀ ಬಾಯಿ ತೆರೆಯಿಸಿ ನೋಡಿದ. ಯಾರು ದಕ್ತೂರ್?" ಎನ್ನುತ್ತಿದ್ದರು.

ನಾನು ಮತ್ತು ನನ್ನ ಹೆಂಡತಿ ಐರಿನ್ ಮಸ್ಕತ್ತಿನ ಆಚೆಯ ನಿಜ್ವಾಕ್ಕೆ ಹೋದದ್ದು ಎಂಬತ್ತನಾಲ್ಕರಲ್ಲಿ. ಇಬ್ಬರಿಗೂ ಆಸ್ಪತ್ರೆಯಲ್ಲೇ ಕೆಲಸ. ನನಗೆ ಹಲ್ಲಿನ ವಿಭಾಗದ ಹಿಂದಿನ ಸಣ್ಣ ಲ್ಯಾಬು, ಅವಳು ಕಣ್ಣಿನ ವಿಭಾಗದಲ್ಲಿ ನರ್ಸು. ಶಿರ್ವದ ಕಡೆಯ ಇಗರ್ಜಿ, ಗದ್ದೆ, ಮೀನಿನ ವಾಸನೆ ಬಿಟ್ಟು ಹೋದವರಿಗೆ ಸುತ್ತ ಬೋಳು ಗುಡ್ಡ, ನಡುವೆ ಖರ್ಜೂರದ ತೋಟ ಇರುವ ಆ ಊರು ಮೊದಲ ಎರಡು ತಿಂಗಳು ತಿನ್ನಲಿಕ್ಕೆ ಬಂದ ಹಾಗಿತ್ತು. ಆಸ್ಪತ್ರೆಯ ಕ್ವಾರ್ಟರ್ಸ್ ಸಿಗಲಿಲ್ಲ. ಯಾರೋ ಹೇಳಿದರೆಂದು ಅಬು ನಾಸಿರರ ತೋಟದ ಒಳಗಿನ ಎರಡು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿದೆವು. ನಮ್ಮ ಅಂಗಳದ ಅಂಚಿನಲ್ಲೇ ಫಲಜ್ ಹರಿಯುತ್ತಿತ್ತು. ಗುಡ್ಡದ ಬುಡದಿಂದ ತೋಟಗಳಿಗೆ ನೀರು ತರುವ ಆ ಕಾಲುವೆಯ ಸದ್ದು ಕೇಳಿದ ದಿನವೇ ಐರಿನ್, "ಇಲ್ಲಿ ನಿದ್ದೆ ಬರ್ಲಿಕ್ಕುಂಟು ಮಾರಾಯ್ರೆ" ಎಂದಳು.

ಅಬು ನಾಸಿರ್ ಎಂದರೆ ನಾಸಿರನ ಅಪ್ಪ. ಸ್ವಂತ ಹೆಸರು ಬೇರೆ ಇತ್ತು, ಆದರೆ ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ಎತ್ತರದ, ಒಣಕಲು ಮೈಯ ಮುದುಕರು. ಬಿಳಿ ಗಡ್ಡ, ತಲೆಗೆ ಸದಾ ಸುತ್ತಿದ ಹೂವಿನ ಅಂಚಿನ ಶಾಲು. ಬಹಳ ವರ್ಷ ಸೈನ್ಯದಲ್ಲಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗ ನಾಸಿರ್ ಮಸ್ಕತ್ತಿನಲ್ಲಿ ಆಫೀಸು ಕೆಲಸದಲ್ಲಿದ್ದು ವಾರದ ರಜೆಗೆ ಬರುತ್ತಿದ್ದ. ಸೈನ್ಯದಲ್ಲಿ ಬಲೂಚಿ ಸಿಪಾಯಿಗಳ ಜತೆ ಇದ್ದು ಅಬು ನಾಸಿರ್ ಉರ್ದು ಕಲಿತಿದ್ದರು. ನಮ್ಮ ಹಿಂದಿಯೂ ಅಷ್ಟಕ್ಕಷ್ಟೇ. ಅವರ ಉರ್ದು, ನಮ್ಮ ಹಿಂದಿ, ನಡುವೆ ಉದುರುವ ಅರಬ್ಬಿ, ಇವಿಷ್ಟರಲ್ಲಿ ಹನ್ನೆರಡು ವರ್ಷ ನಮ್ಮೆರಡು ಮನೆಯ ಮಾತುಕತೆಯೆಲ್ಲ ಸಾಗಿಹೋಯಿತು.

ಅವರ ಮಾತಿನಲ್ಲಿ ಎಲ್ಲ ಯಂತ್ರಗಳಿಗೂ ಜೀವ ಇತ್ತು. ನೀರಿನ ಪಂಪು ಕೆಟ್ಟರೆ "ಪಂಪು ಕೆಮ್ಮುತ್ತಿದೆ" ಎನ್ನುವರು. ಪಿಕಪ್ ಬಿಸಿಯಾದರೆ ಅದಕ್ಕೆ ಜ್ವರ. ರೇಡಿಯೊ ಗೊರಗೊರ ಎಂದರೆ ಅದರ ಗಂಟಲು ಕಟ್ಟಿದೆ. ಹಲ್ಲು ಕೂರಿಸಬಲ್ಲವನು ಇವಕ್ಕೆಲ್ಲ ಮದ್ದು ಮಾಡದೆ ಇರುತ್ತಾನೆಯೇ ಎಂಬ ನಂಬಿಕೆಯಿಂದ ಒಂದೊಂದನ್ನೇ ನನ್ನ ಬಳಿ ತರುತ್ತಿದ್ದರು. ನನಗೆ ಸಾಧ್ಯವಾಗದಿದ್ದರೆ, "ಖಲಾಸ್, ಇದಕ್ಕೆ ಆಯುಷ್ಯ ಇಷ್ಟೇ" ಎಂದು ಎತ್ತಿಕೊಂಡು ಹೋಗುವರು. ನನ್ನ ಮೇಲಿನ ನಂಬಿಕೆ ಮಾತ್ರ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಇನ್ನೊಂದು ಅಭ್ಯಾಸ. ಅವರು ಯಾರಿಗೂ ತಮ್ಮ ಕೈ ಹಿಡಿಯಲು ಬಿಡುತ್ತಿರಲಿಲ್ಲ. ಆ ಊರಿನಲ್ಲಿ ಗಂಡಸರು ಸ್ನೇಹದಿಂದ ಕೈ ಕೈ ಹಿಡಿದು ನಡೆಯುವುದು ಸಾಮಾನ್ಯ. ಇವರು ಸಲಾಮಿಗೆ ಕೈ ಕೊಟ್ಟು ಕೂಡಲೇ ಹಿಂದಕ್ಕೆ ಎಳೆದುಕೊಳ್ಳುವರು. ಮೆಟ್ಟಿಲು ಇಳಿಯುವಾಗ ಮಗ ತೋಳಿಗೆ ಕೈ ಹಾಕಿದರೆ ನೊಣ ಓಡಿಸುವ ಹಾಗೆ ಕೊಡವುವರು. ಸೈನಿಕರ ಬಿಗುಮಾನ ಇರಬೇಕು ಎಂದುಕೊಂಡಿದ್ದೆವು.

ಪ್ರತಿ ಶುಕ್ರವಾರ ಸಂಜೆ ಅವರು ಮತ್ತು ಅವರ ಹಳೆಯ ಗೆಳೆಯರು ಊರಾಚೆಯ ಒಣ ಹೊಳೆಯ ಪಾತ್ರದಲ್ಲಿ ಸೇರಿ ಗುರಿ ಹೊಡೆಯುತ್ತಿದ್ದರು. ಉಳಿದವರ ಹತ್ತಿರ ಉದ್ದದ ಹಳೆ ಬಂದೂಕುಗಳು. ಅಬು ನಾಸಿರರದು ಪಿಸ್ತೂಲು, ಅದಕ್ಕೆ ಲೈಸೆನ್ಸೂ ಇತ್ತು. ಒಂದು ಕಾಲಕ್ಕೆ ಅವರ ಕೈಯ ಮುಂದೆ ಯಾರೂ ಇರಲಿಲ್ಲ ಎಂದು ಅವರ ಜತೆಗಾರ ಖಲ್ಫಾನ್ ಹೇಳುತ್ತಿದ್ದರು. ಖಲ್ಫಾನ್ ಅವರಿಗಿಂತ ಕುಳ್ಳು, ಅವರಿಗಿಂತ ಬಾಯಿಬಡುಕ, ಚಿಕ್ಕಂದಿನಿಂದ ಅವರ ಸ್ನೇಹಿತ ಮತ್ತು ಶತ್ರು.

ಎಂಬತ್ತೆಂಟರ ಚಳಿಗಾಲದಲ್ಲಿ ಒಂದು ದಿನ ಅಬು ನಾಸಿರ್ ನಮ್ಮ ಅಂಗಳಕ್ಕೆ ಬಂದು ನಿಂತರು. ಶಾಲಿನಲ್ಲಿ ಏನನ್ನೋ ಸುತ್ತಿ ಹಿಡಿದಿದ್ದರು.

"ದಕ್ತೂರ್, ನನ್ನ ಮಕ್ಖಿ ಹಾರಿಹೋಯಿತು."

ಮಕ್ಖಿ ಎಂದರೆ ನೊಣ. ನೊಣ ಹಾರಿಹೋದರೆ ಒಳ್ಳೆಯದೇ ಅಲ್ಲವೇ ಎಂದು ನಾನು ಯೋಚಿಸುತ್ತಿರುವಾಗ ಶಾಲು ಬಿಚ್ಚಿದರು. ಒಳಗೆ ಪಿಸ್ತೂಲು. ನಳಿಗೆಯ ತುದಿಯಲ್ಲಿ, ಗುರಿ ನೋಡುವುದಕ್ಕೆಂದು ಎದ್ದು ನಿಂತಿರುವ ಪುಟ್ಟ ಲೋಹದ ಮೊನೆಯನ್ನು ಅವರ ಬಲೂಚಿ ಗೆಳೆಯರು ಮಕ್ಖಿ ಎನ್ನುತ್ತಿದ್ದರಂತೆ. ದೂರದಿಂದ ನೋಡಿದರೆ ನಳಿಗೆಯ ಮೇಲೆ ನೊಣ ಕೂತ ಹಾಗೆಯೇ ಕಾಣುತ್ತದೆ. ಪಿಕಪ್ಪಿನಿಂದ ಇಳಿಯುವಾಗ ಪಿಸ್ತೂಲು ಬಂಡೆಯ ಮೇಲೆ ಬಿದ್ದು ಅದು ಮುರಿದಿತ್ತು.

ಅಡುಗೆಮನೆಯಿಂದ ಬಂದ ಐರಿನ್ ಪಿಸ್ತೂಲು ನೋಡಿ ಬಾಗಿಲಲ್ಲೇ ನಿಂತಳು. ನನ್ನ ಹತ್ತಿರ ಬಂದು ಕೊಂಕಣಿಯಲ್ಲಿ ಪಿಸುಗುಟ್ಟಿದಳು. ಅದರ ಸಾರಾಂಶ ಇಷ್ಟು: "ನಿಮಗೆ ಮರ್ಲಾ? ನಾವು ವೀಸಾದಲ್ಲಿ ಇರುವವರು. ನಮ್ಮ ಮನೆಯಲ್ಲಿ ಪಿಸ್ತೂಲು ಉಂಟು ಅಂತ ಯಾರಾದರೂ ಹೇಳಿದರೆ ನಾಳೆ ವಿಮಾನ ಹತ್ತಿಸುತ್ತಾರೆ."

ಭಾಷೆ ತಿಳಿಯದಿದ್ದರೂ ಅಬು ನಾಸಿರರಿಗೆ ವಿಷಯ ತಿಳಿಯಿತು. "ಉಖ್ತಿ ಹೆದರುತ್ತಿದ್ದಾಳೆ. ಹೆದರಬೇಕಾದ್ದೇ" ಎಂದರು. ಐರಿನಳನ್ನು ಅವರು ಉಖ್ತಿ, ಅಂದರೆ ತಂಗಿ, ಎಂದೇ ಕರೆಯುತ್ತಿದ್ದುದು. "ಈ ವಸ್ತು ನಿಮ್ಮ ಹೊಸ್ತಿಲು ದಾಟುವುದಿಲ್ಲ. ದಕ್ತೂರ್ ನನ್ನ ಮಜ್ಲಿಸಿಗೆ ಬರಲಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಗುಂಡುಗಳು ಬೇರೆ ಕೋಣೆಯಲ್ಲಿ, ಬೀಗ ಹಾಕಿ, ಬೀಗದ ಕೈ ನಿನ್ನ ಹತ್ತಿರ ಇರಲಿ ಉಖ್ತಿ. ಆಯಿತೇ?"

ಐರಿನ್ ನಗಲೇಬೇಕಾಯಿತು. ಬೀಗದ ಕೈ ಮಾತ್ರ ಬೇಡ ಎನ್ನಲಿಲ್ಲ, ತೆಗೆದುಕೊಂಡಳು.

ಹೀಗೆ ನಾನು ಬಿಸ್ಕತ್ತಿನ ಡಬ್ಬಿಯಲ್ಲಿ ನನ್ನ ಸಣ್ಣ ಅರಗಳನ್ನೂ ಸುತ್ತಿಗೆಯನ್ನೂ ಹಾಕಿಕೊಂಡು ಅವರ ಮಜ್ಲಿಸಿಗೆ ಹೋದೆ. ಬಂದವರನ್ನು ಕೂರಿಸುವ ಆ ಉದ್ದದ ಕೋಣೆಯ ಕಿಟಕಿಯ ಬೆಳಕಿನಲ್ಲಿ ಹಳೆ ಕಂಬಳಿ ಹಾಸಿ ಇಬ್ಬರೂ ಕೂತೆವು. ಪಿಸ್ತೂಲು ಖಾಲಿ ಎಂದು ಅವರು ಮೊದಲು ತಾವು ನೋಡಿದರು, ಆಮೇಲೆ ನನಗೆ ತೋರಿಸಿದರು, ಆಮೇಲೆ ಮತ್ತೊಮ್ಮೆ ತಾವೇ ನೋಡಿದರು. ಮುರಿದ ಮೊನೆಯ ಬುಡ ಒಂದು ಸಣ್ಣ ಸೀಳಿನಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಪಕ್ಕಕ್ಕೆ ಮೆಲ್ಲಗೆ ತಟ್ಟಿ ಹೊರತೆಗೆಯುವುದಕ್ಕೇ ಒಂದು ಫ್ಲಾಸ್ಕು ಖಾವಾ ಕಾಫಿ ಮುಗಿಯಿತು. ಆಮೇಲೆ ಹಿತ್ತಾಳೆಯ ತುಣುಕನ್ನು ಅರದಿಂದ ಉಜ್ಜಿ, ಕೂರಿಸಿ ನೋಡಿ, ತೆಗೆದು, ಮತ್ತೆ ಉಜ್ಜಿ... ನನಗದು ಹೊಸ ಕೆಲಸವೇನೂ ಅನ್ನಿಸಲಿಲ್ಲ. ಹಲ್ಲು ಕೂರಿಸುವಾಗಲೂ ಇದನ್ನೇ ಮಾಡುವುದು. ಅಬು ನಾಸಿರ್ ಮಾತ್ರ ಆಪರೇಷನ್ ಕೋಣೆಯ ಹೊರಗೆ ಕಾಯುವ ನೆಂಟರ ಹಾಗೆ ಪ್ರತಿ ಪೆಟ್ಟಿಗೂ ಹುಬ್ಬು ಗಂಟಿಕ್ಕುತ್ತಿದ್ದರು.

"ನೋವಾಗದ ಹಾಗೆ, ದಕ್ತೂರ್."

ಹಿತ್ತಾಳೆಯ ನೊಣ ಗಟ್ಟಿಯಾಗಿ ಕೂತಿತು. ಅಬು ನಾಸಿರ್ ಪಿಸ್ತೂಲನ್ನು ಕಿಟಕಿಯಾಚೆಯ ಗುಡ್ಡದ ಕಡೆ ಹಿಡಿದು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ" ಎಂದರು. ಆದರೆ ದನಿಯಲ್ಲಿ ಆ ಚೆನ್ನು ಇರಲಿಲ್ಲ.

ಕೆಲವು ವಾರಗಳ ಮೇಲೆ ಮತ್ತೆ ಬಂದರು. ಹಿತ್ತಾಳೆ ಬಿಸಿಲಿಗೆ ಹೊಳೆಯುತ್ತದೆ, ಗುರಿ ತಪ್ಪುತ್ತಿದೆ, ಬಿಳಿ ಬಣ್ಣ ಮಾಡಿಕೊಡು ಎಂದರು. ಮತ್ತೆ ಮಜ್ಲಿಸು, ಮತ್ತೆ ಕಂಬಳಿ, ಮತ್ತೆ ಬೀಗದ ಕೈ ಐರಿನಳ ಕೈಗೆ. ಹಲ್ಲಿನ ಬಣ್ಣದ ಅಕ್ರಿಲಿಕ್ ಕಲಸಿ ಮೊನೆಗೆ ಹಚ್ಚಿಕೊಟ್ಟೆ. ಪಿಸ್ತೂಲಿಗೆ ಹಾಲುಹಲ್ಲು ಬಂದ ಹಾಗೆ ಕಾಣುತ್ತಿತ್ತು. ಅದೂ ಸರಿಹೋಗಲಿಲ್ಲ. ಬಿಳಿ ಸುಣ್ಣದ ಬಂಡೆಯ ಮುಂದೆ ಬಿಳಿ ಮಕ್ಖಿ ಹೇಗೆ ಕಾಣಬೇಕು, ಕೆಂಪು ಮಾಡು, ಸ್ವಲ್ಪ ದೊಡ್ಡದು ಮಾಡು ಎಂದರು. ನನ್ನ ಹತ್ತಿರ ಇದ್ದ ಕೆಂಪು ಎಂದರೆ ಒಸಡಿನ ಗುಲಾಬಿ. ಅದನ್ನೇ ಕಲಸಿ ಹಳೆಯ ಮೊನೆಯ ಮೇಲೆ ಕಡಲೆಕಾಳಿನಷ್ಟು ದಪ್ಪ ಕೂರಿಸಿದೆ. ಅವರು ಬೆರಳಿನಿಂದ ಸವರಿ ನೋಡಿ ಖುಷಿಪಟ್ಟರು.

ಆ ಶುಕ್ರವಾರ ಖಲ್ಫಾನ್ ಅದನ್ನು ಕಂಡು ಮರಳಿನ ಮೇಲೆ ಕೂತು ನಕ್ಕರು. "ಅಬು ನಾಸಿರ್, ನಿನ್ನ ಪಿಸ್ತೂಲು ಬಸುರಿಯೇ?"

"ನಿನಗೆ ಹೊಟ್ಟೆಕಿಚ್ಚು" ಎಂದರು ಅಬು ನಾಸಿರ್, ಹಲ್ಲು ತೆಗೆದು ಜೇಬಿಗೆ ಹಾಕುತ್ತ. ಅವತ್ತು ಹೊಡೆದ ಒಂದು ಗುಂಡೂ ಟಿನ್ನಿಗೆ ತಾಗಲಿಲ್ಲ.

ಇದಾದ ಮೇಲಿನ ಒಂದು ಸಂಜೆ. ಐರಿನ್ ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಒಳಗೆ ಮಲಗಿದ್ದೆ. ಅಂಗಳದ ಹಗ್ಗದ ಮೇಲೆ ನನ್ನ ಲ್ಯಾಬಿನ ಬಿಳಿ ಕೋಟು ಒಣಗುತ್ತಿತ್ತು. ತೋಟದ ಕಡೆಯಿಂದ ಬಂದ ಅಬು ನಾಸಿರ್ ಕೋಟಿನ ಮುಂದೆ ನಿಂತು, "ಅಸ್ಸಲಾಮು ಅಲೈಕುಂ, ದಕ್ತೂರ್" ಎಂದರು. ಕೋಟು ಗಾಳಿಗೆ ಸ್ವಲ್ಪ ಅಲುಗಿತು. ಅವರು ಎದೆಯ ಮೇಲೆ ಕೈ ಇಟ್ಟು ಕಾದರು. ಪಂಪಿನ ವಿಷಯ ಏನೋ ಹೇಳಿದರು. ಮತ್ತೆ ಕಾದರು. ಆಮೇಲೆ ಮುಖ ಸಣ್ಣ ಮಾಡಿಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ಬಂದರು.

"ಉಖ್ತಿ, ನಿನ್ನ ಗಂಡನಿಗೆ ನನ್ನ ಮೇಲೆ ಏನು ಸಿಟ್ಟು? ಸಲಾಮಿಗೆ ಉತ್ತರ ಕೊಡುವುದಿಲ್ಲ."

ಐರಿನ್ ಕೈ ಒರೆಸಿಕೊಂಡು ಹೊರಗೆ ಹೋದಳು. ಏನೋ ಮಾತು ನಡೆಯುತ್ತಿದೆ ಎಂದು ನಾನೂ ಎದ್ದು ಬಂದೆ. ಅವಳು ಅವರನ್ನು ಜಗಲಿಯಲ್ಲಿ ಕೂರಿಸಿ, ತನ್ನ ಎರಡು ಬೆರಳನ್ನು ಅವರ ಮುಖದ ಮುಂದೆ ಹಿಡಿದಿದ್ದಳು.

"ಬಾಬಾ, ಇದು ಎಷ್ಟು?"

"ಇದೇನು ಮಕ್ಕಳ ಆಟ?"

"ಎಷ್ಟು ಹೇಳಿ."

ಅವರು ಮುಖ ಆಚೆ ತಿರುಗಿಸಿದರು. ಐರಿನ್ ಮೆಲ್ಲಗೆ, ಆದರೆ ಆಸ್ಪತ್ರೆಯ ಧ್ವನಿಯಲ್ಲೇ ಹೇಳಿದಳು: "ಬಾಬಾ, ತಪ್ಪು ಪಿಸ್ತೂಲಿನದ್ದಲ್ಲ. ನಿಮ್ಮ ಎರಡೂ ಕಣ್ಣಿಗೆ ಪೊರೆ ಬಂದಿದೆ. ನನಗೆ ಇಲ್ಲಿಂದಲೇ ಕಾಣುತ್ತಿದೆ. ನಾಳೆ ನನ್ನ ಜತೆ ಆಸ್ಪತ್ರೆಗೆ ಬನ್ನಿ. ಆಪರೇಷನ್ ಮಾಡಿದರೆ ಸರಿಯಾಗುತ್ತದೆ."

ಅಬು ನಾಸಿರ್ ಎದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾವು ಮೊದಲ ಸಲ ನೋಡಿದ್ದು.

"ನನ್ನ ಕಣ್ಣಿಗೆ ಏನೂ ಆಗಿಲ್ಲ! ಮಕ್ಖಿ ಸಣ್ಣದು. ನಿನ್ನ ಗಂಡನಿಗೆ ಸರಿಯಾಗಿ ಮಾಡಲು ಬರುವುದಿಲ್ಲ, ಖಲಾಸ್!"

ಕೋಲು ಕುಟ್ಟಿಕೊಂಡು ಹೋದರು. ದಾರಿಯಲ್ಲಿ ಕೋಟಿಗೆ ಮುಖ ತಾಗಿ, ಒಂದು ಗಳಿಗೆ ನಿಂತು, ಅದನ್ನು ಕೈಯಿಂದ ಮುಟ್ಟಿ ನೋಡಿ, ಮತ್ತೆ ನಡೆದರು. ಐರಿನ್ ಜಗಲಿಯಲ್ಲೇ ಕೂತು ಅತ್ತಳು. "ಅಷ್ಟು ಜೋರು ಹೇಳ್ಬಾರದಿತ್ತು ನಾನು" ಎಂದಳು.

ಆಮೇಲೆ ಅವರು ನಮ್ಮ ಕಡೆ ಬರಲಿಲ್ಲ. ತೋಟದ ಖರ್ಜೂರ ಬರಲಿಲ್ಲ. ನಾಸಿರ್ ರಜೆಗೆ ಬಂದಾಗ ಐರಿನ್ ಅವನಿಗೂ ಹೇಳಿದಳು. ಅವನು ಕೈಚೆಲ್ಲಿದ. "ಇನ್ನು ಓಡಿಸಬೇಡಿ ಎಂದು ಪಿಕಪ್ಪಿನ ಬೀಗದ ಕೈ ಕೇಳಿದ್ದಕ್ಕೇ ನನ್ನ ಜತೆ ಮಾತು ಬಿಟ್ಟಿದ್ದಾರೆ. ಕಣ್ಣಿನ ಹೆಸರು ಎತ್ತಿದರೆ ಮನೆಯಿಂದ ಆಚೆ ಹಾಕುತ್ತಾರೆ" ಎಂದ.

ಅಷ್ಟರಲ್ಲಿ ಈದ್ ಬಂತು. ಈದಿನ ಮಧ್ಯಾಹ್ನದ ಮೇಲೆ ಒಣ ಹೊಳೆಯಲ್ಲಿ ದೊಡ್ಡ ಗುಂಪು ಸೇರುತ್ತಿತ್ತು. ನಾಸಿರ್ ನನ್ನನ್ನು ಬಲವಂತವಾಗಿ ಕರೆದುಕೊಂಡು ಹೋದ. ಅಬು ನಾಸಿರ್ ಹೊಸ ದಿಶ್‌ದಾಶಾ ಹಾಕಿ ಸೊಂಟಕ್ಕೆ ಬೆಳ್ಳಿಯ ಖಂಜರ್ ಬಾಕು ಕಟ್ಟಿ ಬಂದಿದ್ದರು. ನನ್ನ ಸಲಾಮಿಗೆ ಉತ್ತರ ಕೊಟ್ಟರು, ಹೆಚ್ಚಿನ ಮಾತಿಲ್ಲ. ನಾಸಿರ್ ಮತ್ತು ಖಲ್ಫಾನ್ ಗುಂಪನ್ನೆಲ್ಲ ಅವರ ಬೆನ್ನ ಹಿಂದೆ ದೂರ ನಿಲ್ಲಿಸಿದರು. ಎದುರಿಗೆ ಬಂಡೆ, ಟಿನ್ನು, ಅದರ ಹಿಂದೆ ಗುಡ್ಡ. ನಾಸಿರ್ ಮಾತ್ರ ಅಪ್ಪನ ಪಕ್ಕದಲ್ಲೇ, ಕೈಗೆ ಕೈ ತಾಗುವಷ್ಟು ಹತ್ತಿರ ನಿಂತ.

ಹಲ್ಲು ಜೇಬಿಗೆ ಹೋಯಿತು. ಕೈ ಚಾಚಿತು. ಗುಂಡು ಹಾರಿತು. ಟಿನ್ನು ಅಲ್ಲೇ ಇತ್ತು, ಮಿಸುಕಾಡಲಿಲ್ಲ.

ಆಮೇಲೆ ಹಿಂದಿನಿಂದ ಖಲ್ಫಾನರ ದನಿ: "ಬಿತ್ತು! ಮಾಶಾ ಅಲ್ಲಾಹ್, ಬಿತ್ತು!" ಕೂಡಲೇ ಉಳಿದವರೂ ಕೂಗಿದರು. ಯಾರೋ ಚಪ್ಪಾಳೆ ತಟ್ಟಿದರು. ಒಬ್ಬ ಯುವಕ ಓಡಿ ಹೋಗಿ ಸದ್ದಾಗದ ಹಾಗೆ ಟಿನ್ನನ್ನು ಎತ್ತಿ ಬಂಡೆಯ ಹಿಂದೆ ಇಟ್ಟ.

ಅಬು ನಾಸಿರರ ಮುಖ ನನಗೆ ಕಾಣುತ್ತಿತ್ತು. ಅವರ ಕಿವಿ ಚುರುಕು. ಟಿನ್ನು ಬಿದ್ದರೆ ಕಲ್ಲಿನ ಮೇಲೆ ಅದು ಮಾಡುವ ಸದ್ದು ನಲವತ್ತು ವರ್ಷದಿಂದ ಗೊತ್ತಿದ್ದ ಕಿವಿ. ಅವರು ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿಸಿಕೊಂಡರು. ಆಮೇಲೆ ಗುಂಪಿನ ಕಡೆ ತಿರುಗಿ, ನಗುತ್ತ, ತಲೆಯಾಡಿಸಿದರು. ಪಿಸ್ತೂಲನ್ನು ನಾಸಿರನ ಕೈಗೆ ಕೊಟ್ಟು, ಹಲ್ಲು ಹಾಕಿಕೊಂಡು, ಕಂಬಳಿಯ ಮೇಲೆ ಕೂತು ಹಲ್ವಾ ತಿಂದರು. ಖಲ್ಫಾನ್ ಪಕ್ಕದಲ್ಲಿ ಕೂತು ಏನೇನೋ ಹಳೆಯ ಕತೆ ಹೇಳುತ್ತಲೇ ಇದ್ದರು. ಅವರ ಕಣ್ಣು ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ನಾವು ಚಹಾ ಕುಡಿಯುತ್ತಿರುವಾಗ ಅಬು ನಾಸಿರ್ ಜಗಲಿಗೆ ಬಂದು, ಕರೆಯುವ ಮೊದಲೇ ಕೂತರು. ಐರಿನ್ ಖಾವಾ ತಂದಿಟ್ಟಳು. ಅವರು ಮುಟ್ಟಲಿಲ್ಲ.

"ನನ್ನ ತಂದೆ ಕುರುಡರಾಗಿದ್ದರು, ಉಖ್ತಿ" ಎಂದರು. "ಆ ಕಾಲದಲ್ಲಿ ಇಲ್ಲಿ ಬಹಳ ಜನ ಹಾಗಾಗುತ್ತಿದ್ದರು. ರೆಪ್ಪೆ ಒಳಕ್ಕೆ ತಿರುಗಿ, ಉಜ್ಜಿ ಉಜ್ಜಿ, ಕಣ್ಣು ಹೋಗುತ್ತಿತ್ತು. ಆಸ್ಪತ್ರೆ ಎಲ್ಲಿತ್ತು? ನಾನು ಅವರ ಕೈ ಹಿಡಿದು ನಡೆಸುತ್ತಿದ್ದೆ. ಮಸೀದಿಗೆ, ತೋಟಕ್ಕೆ, ಎಲ್ಲ ಕಡೆ."

ಅವರು ಕೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡರು.

"ನಮ್ಮ ಹತ್ತಿರ ಆಡುಗಳಿದ್ದವು. ಕೆಟ್ಟ ಕಾಲ ಬಂದು ಒಂದೊಂದೇ ಸತ್ತವು. ಕೆಲವನ್ನು ಮಾರಿದೆವು. ತಂದೆಗೆ ಹೇಳಬೇಡ ಎಂದು ತಾಯಿ ಹೇಳಿದಳು. ದಿನಾ ಸಂಜೆ ಅವರು ಕೇಳುತ್ತಿದ್ದರು, ಕಪ್ಪು ಆಡು ಬಂತೇ? ಬಂತು ಎನ್ನುತ್ತಿದ್ದೆ. ಕಿವಿ ಹರಿದದ್ದು ಬಂತೇ? ಬಂತು. ಒಂದು ದಿನ ನಾನು ಹೊರಗಿನಿಂದ ಬರುವಾಗ ಅವರು ಒಬ್ಬರೇ ಕೊಟ್ಟಿಗೆಯಲ್ಲಿ ಇದ್ದರು. ಕೈಯಿಂದ ತಡವಿ ತಡವಿ ನೋಡುತ್ತಿದ್ದರು. ಅಲ್ಲಿದ್ದದ್ದು ಎರಡೇ ಆಡು. ನಾನು ಬಾಗಿಲಲ್ಲಿ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ."

ಅವರು ಗಡ್ಡ ಸವರಿಕೊಂಡರು.

"ಅವತ್ತು ಸಂಜೆಯೂ ಕೇಳಿದರು, ಕಪ್ಪು ಆಡು ಬಂತೇ? ನಾನು ಬಂತು ಎಂದೆ. ಒಳ್ಳೆಯದು ಎಂದರು. ಸಾಯುವ ತನಕ ದಿನಾ ಕೇಳಿದರು. ನಾನು ದಿನಾ ಬಂತು ಎಂದೆ. ನನಗೆ ಬೇಸರ ಆಗಬಾರದು ಎಂದು ಅವರು ಕೇಳುತ್ತಿದ್ದರು."

ಐರಿನ್ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಿನ್ನೆ ಅವರೆಲ್ಲ ಬಿತ್ತು ಎಂದರು. ಖಲ್ಫಾನ್ ಬಿತ್ತು ಎಂದ. ನಾನು ತಲೆಯಾಡಿಸಿದೆ, ಉಖ್ತಿ. ನನ್ನ ತಂದೆಯ ಹಾಗೆ. ಸುಳ್ಳು ಹೇಳದವಳು ನೀನೊಬ್ಬಳು, ನಿನ್ನ ಮೇಲೆ ನಾನು ಕೂಗಾಡಿದೆ." ಅವರು ಎದ್ದು ನಿಂತರು. "ಯಲ್ಲಾ, ನಡೆ. ನಿನ್ನ ಆಸ್ಪತ್ರೆ ತೋರಿಸು."

ಜಗಲಿಗೆ ಎರಡು ಮೆಟ್ಟಿಲು. ಇಳಿಯುವಾಗ ಐರಿನ್ ಕೈ ಚಾಚಿದಳು. ಅವರು ಕೈಯನ್ನು ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಹಿಡಿದುಕೊಂಡರು.

ಮೊದಲ ಕಣ್ಣಿನ ಆಪರೇಷನ್ನಿನ ದಿನ ಖಲ್ಫಾನ್ ಬೆಳಿಗ್ಗೆಯಿಂದ ಆಸ್ಪತ್ರೆಯ ವರಾಂಡದಲ್ಲಿ ಜಪಮಣಿ ತಿರುಗಿಸುತ್ತ ಕೂತಿದ್ದರು. ಅಬು ನಾಸಿರ್ ಬಹಳ ಹೆದರಿದ್ದರಂತೆ. ಐರಿನ್ ಒಳಗೆ ಅವರ ತಲೆಯ ಪಕ್ಕದಲ್ಲೇ ನಿಂತು, ಶಿರ್ವದ ಮಳೆ, ನಮ್ಮ ಮನೆಯ ಬಾವಿ, ಹಲಸಿನ ಮರ, ಬಾಯಿಗೆ ಬಂದದ್ದನ್ನೆಲ್ಲ ಹಿಂದಿಯಲ್ಲಿ ಹೇಳುತ್ತಿದ್ದಳಂತೆ. "ಉಖ್ತಿ, ನಿಮ್ಮ ಊರಲ್ಲಿ ಅಷ್ಟು ನೀರಿದ್ದರೆ ಇಲ್ಲಿಗೆ ಯಾಕೆ ಬಂದಿರಿ?" ಎಂದು ಅವರು ಮಲಗಿದಲ್ಲೇ ಕೇಳಿದರಂತೆ. ಡಾಕ್ಟರು ಮಾತಾಡಬೇಡಿ ಎಂದು ಗದರಿಸಬೇಕಾಯಿತು.

ಕಟ್ಟು ಬಿಚ್ಚಿದಾಗ ನಾನೂ ಅಲ್ಲಿದ್ದೆ. ಅವರು ಒಂದು ಕಣ್ಣು ಮಿಟುಕಿಸಿ ಮಿಟುಕಿಸಿ ಮೊದಲು ನೋಡಿದ್ದು ಐರಿನಳನ್ನು. ಬಹಳ ಹೊತ್ತು ನೋಡಿದರು. ನಾವೆಲ್ಲ ಕಾಯುತ್ತಿದ್ದೆವು.

"ಉಖ್ತಿ, ನೀನು ಇನ್ನೂ ಚಿಕ್ಕವಳು ಎಂದುಕೊಂಡಿದ್ದೆ. ನಿನಗೂ ನರೆ ಬಂದಿದೆಯಲ್ಲ!"

"ನಿಮ್ಮಿಂದಲೇ ಬಂದದ್ದು ಬಾಬಾ" ಎಂದಳು ಐರಿನ್. ಪಕ್ಕದ ಹಾಸಿಗೆಯವರೂ ನಕ್ಕರು.

ಮನೆಗೆ ಬಂದವರು ವಾರವಿಡೀ ಊರಿಗೆ ಹೊಸಬರ ಹಾಗೆ ಅಡ್ಡಾಡಿದರು. ಗೋಡೆಗೆ ಸುಣ್ಣ ಬಳಿದಿಲ್ಲ ಎಂದು ತೋಟದ ಕೆಲಸದವನಿಗೆ ಬೈದರು. ಫಲಜಿನ ನೀರಿನಲ್ಲಿ ಸಣ್ಣ ಮೀನುಗಳಿವೆ ಎಂದು ಬಂದು ನಮಗೇ ಹೇಳಿದರು. ಖಲ್ಫಾನ್ ಮುದುಕನಾಗಿದ್ದಾನೆ, ಪಾಪ, ಯಾರೂ ಅವನಿಗೆ ಹೇಳಿಲ್ಲ ಎಂದು ಮರುಗಿದರು. ಆಮೇಲೆ ಒಂದು ದಿನ ಮಜ್ಲಿಸಿನಿಂದ ನನಗೆ ಕೂಗು ಬಂತು. ಹೋದರೆ ಕಂಬಳಿಯ ಮೇಲೆ ಪಿಸ್ತೂಲು. ಅವರು ಅದನ್ನೇ ದಿಟ್ಟಿಸುತ್ತ ಕೂತಿದ್ದರು.

"ದಕ್ತೂರ್, ಇದೇನಿದು?"

"ಮಕ್ಖಿ, ಬಾಬಾ. ನೀವೇ ಹೇಳಿ ಮಾಡಿಸಿದ್ದು."

"ಇದು ಮಕ್ಖಿಯೇ? ಇದು ಒಂಟೆಯ ಒಸಡು! ಇದನ್ನು ಹಿಡಿದು ನಾನು ಈದಿನ ದಿನ ಊರಿನವರ ಮುಂದೆ ನಿಂತಿದ್ದೆನೇ? ನೀನು ನನ್ನ ಸ್ನೇಹಿತನೇ?"

ನಾನು ತಡೆಯಲಾರದೆ ನಕ್ಕೆ. ಅವರು ಇನ್ನಷ್ಟು ಗಂಭೀರವಾಗಿ ನನ್ನನ್ನು ನೋಡಿದರು, ಆಮೇಲೆ ಭುಜ ಕುಲುಕಲು ಶುರುವಾಯಿತು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. "ಕಣ್ಣು ಒದ್ದೆ ಮಾಡಬಾರದು, ಉಖ್ತಿ ಬೈಯುತ್ತಾಳೆ" ಎನ್ನುತ್ತ ಅವರು ಮತ್ತೆ ನಕ್ಕರು. ಆ ಗುಲಾಬಿ ಉಂಡೆಯನ್ನೂ ಅದರಡಿಯ ಮೊನೆಯನ್ನೂ ತಟ್ಟಿ ತೆಗೆದು, ಹಿತ್ತಾಳೆಯ ಸಣ್ಣ ನೊಣವನ್ನೇ ಹೊಸದಾಗಿ ಮಾಡಿ ಕೂರಿಸಿದೆ. ಈ ಸಲ ಅವರು ಪಕ್ಕದಲ್ಲಿ ಕೂತು ಅರದ ಒಂದೊಂದು ಗೆರೆಯನ್ನೂ ನೋಡಿದರು. ಇಲ್ಲಿ ಸ್ವಲ್ಪ ಓರೆ ಎಂದರು. ನೋಡಿದರೆ ಓರೆ ಇತ್ತು.

ಅವರು ಮತ್ತೆ ಊರಿನ ಮೊದಲ ಗುರಿಕಾರರಾದರು ಎಂದು ಬರೆಯಬಹುದಿತ್ತು. ಆಗಲಿಲ್ಲ. ಕಣ್ಣು ಬಂದರೂ ಕೈ ನಡುಗುತ್ತಿತ್ತು, ವಯಸ್ಸು ಆಗಿತ್ತು. ಐದರಲ್ಲಿ ಒಂದು ತಾಗಿದರೆ ಹೆಚ್ಚು. ಆದರೆ ಈಗ ಗುಂಡು ಹಾರಿದ ಕೂಡಲೇ, ಯಾರೂ ಬಾಯಿ ತೆರೆಯುವ ಮೊದಲೇ, "ಹೋಯಿತು! ಎಡಗಡೆ ಹೋಯಿತು!" ಎಂದು ತಾವೇ ಕೂಗುತ್ತಿದ್ದರು. ಮುಂದಿನ ವರ್ಷ ಇನ್ನೊಂದು ಕಣ್ಣಿನದೂ ಆಯಿತು. ಆಮೇಲೆ ಅವರಿಗೆ ಒಂದು ಹೊಸ ಕೆಲಸ ಹಿಡಿಯಿತು. ಕಣ್ಣು ಮಂಜಾದ ಮುದುಕರನ್ನು ಸುತ್ತಮುತ್ತಲ ಹಳ್ಳಿಗಳಿಂದ ಪಿಕಪ್ಪಿನಲ್ಲಿ ತುಂಬಿಸಿಕೊಂಡು ಬಂದು ಐರಿನಳ ಮುಂದೆ ಸಾಲಾಗಿ ಕೂರಿಸುವುದು. "ಇವನಿಗೆ ನಿಜ ಹೇಳು, ಉಖ್ತಿ" ಎನ್ನುತ್ತಿದ್ದರು. ಒಪ್ಪದವರಿಗೆ ಆಡಿನ ಕತೆ ಹೇಳುವರು.

ತೊಂಬತ್ತಾರರಲ್ಲಿ ನಾವು ಕೆಲಸ ಬಿಟ್ಟು ಊರಿಗೆ ಹೊರಟೆವು. ಬೇಡವೆಂದರೂ ಕೇಳದೆ ಅಬು ನಾಸಿರ್ ಮಸ್ಕತ್ತಿನ ವಿಮಾನ ನಿಲ್ದಾಣದ ತನಕ ಬಂದರು. ನಾಸಿರ್ ಕಾರು ಓಡಿಸುತ್ತಿದ್ದ, ಇವರು ಪಕ್ಕದಲ್ಲಿ. ದಾರಿಯಲ್ಲಿ ಒಮ್ಮೆ, "ಅಲ್ಲಿ ಮಳೆ ಜೋರಾದರೆ ಹೊರಗೆ ಹೋಗಬೇಡಿ" ಎಂದರು. ಅವರು ತೀರಿಕೊಂಡ ಸುದ್ದಿ ಅದಾಗಿ ಎರಡು ಮೂರು ವರ್ಷದ ಮೇಲೆ ನಾಸಿರನ ಫೋನಿನಲ್ಲಿ ಬಂತು. ನಿದ್ದೆಯಲ್ಲೇ ಹೋದರಂತೆ. ಐರಿನ್ ಆ ಭಾನುವಾರ ಇಗರ್ಜಿಯಲ್ಲಿ ಅವರ ಹೆಸರಿಗೆ ಒಂದು ಮೊಂಬತ್ತಿ ಹಚ್ಚಿದಳು. ಪಾದ್ರಿಗಳು ಯಾರಿಗೆಂದು ಕೇಳಿದ್ದಕ್ಕೆ "ನಮ್ಮ ಅಣ್ಣನಿಗೆ" ಎಂದಳು.

ಆದರೆ ಅವರು ಎಂದರೆ ನನಗೆ ಈಗಲೂ ಕಾಣುವುದು ವಿಮಾನ ನಿಲ್ದಾಣದ ಆ ದಿನ. ಒಳಗೆ ಬರಲು ಅವರಿಗೆ ಬಿಡಲಿಲ್ಲ. ಹೊರಗೆ ಗಾಜಿನ ಗೋಡೆಯ ಆಚೆ, ಕಳುಹಿಸಲು ಬಂದ ನೂರಾರು ಜನರ ನಡುವೆ ನಿಂತರು. ಒಳಗೆ ನಮ್ಮ ಸಾಲು ಉದ್ದ ಇತ್ತು, ಹಾವಿನ ಹಾಗೆ ಬಳಸಿ ಬಳಸಿ ಹೋಗುತ್ತಿತ್ತು. ಎಲ್ಲರ ಕೈಯಲ್ಲೂ ಒಂದೇ ಬಗೆಯ ಪೆಟ್ಟಿಗೆ, ಹೆಂಗಸರೆಲ್ಲ ಒಂದೇ ಬಗೆಯ ಸೀರೆ. ನಾನು ಅಷ್ಟು ದೂರದಿಂದ ಅವರನ್ನು ಹುಡುಕಲು ಕಷ್ಟಪಡುತ್ತಿದ್ದೆ.

"ಅಲ್ಲಿ ನೋಡಿ" ಎಂದಳು ಐರಿನ್.

ಅವಳು ಸಾಲಿನಲ್ಲಿ ಎಡಕ್ಕೆ ಸರಿದಳು. ಗಾಜಿನ ಆಚೆ ಆ ಶಾಲು ಸುತ್ತಿದ ತಲೆ ಎಡಕ್ಕೆ ತಿರುಗಿತು. ಸಾಲು ಬಳಸಿ ಅವಳು ಬಲಕ್ಕೆ ಬಂದಳು. ತಲೆ ಬಲಕ್ಕೆ ತಿರುಗಿತು. ಅಷ್ಟು ಜನರ ನಡುವೆ, ಅಷ್ಟು ದೂರದಿಂದ, ನಾವು ಒಳಬಾಗಿಲಿನಲ್ಲಿ ಮರೆಯಾಗುವ ತನಕ ಅವರ ಕಣ್ಣು ಅವಳನ್ನು ಒಂದು ಸಲವೂ ಕಳೆದುಕೊಳ್ಳಲಿಲ್ಲ.